ಮೆಚ್ಚಿನ ಹತ್ತು ಸಿನಿಮಾ: ಆರಿಸುವ ದಾರಿಗಳು, ಹೇಳುವ ದಾರಿಗಳು

ನನ್ನ ಮೆಚ್ಚಿನ ಹತ್ತು ಸಿನಿಮಾಗಳ ಪಟ್ಟಿಯನ್ನು ಮೊದಲ ಸಲ ಬರೆದಾಗ ಅದರಲ್ಲಿ ನಾಲ್ಕು ಸುಳ್ಳುಗಳಿದ್ದವು. ಒಂದು, ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953). 136 ನಿಮಿಷಗಳ ಆ ಚಿತ್ರದಲ್ಲಿ ನಾನು ಎಚ್ಚರವಾಗಿದ್ದದ್ದು ಹೆಚ್ಚೆಂದರೆ ಅರ್ಧ; ಉಳಿದದ್ದು ನಿದ್ದೆಗೆ ಸಂದಿತ್ತು. ಆದರೂ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ 2012ರ ಮತದಾನದಲ್ಲಿ ಜಗತ್ತಿನ ನಿರ್ದೇಶಕರು ಅದನ್ನು ಮೊದಲ ಸ್ಥಾನಕ್ಕೆ ಏರಿಸಿದ್ದರು. ನಾನು ಒಂದು ಮೆಟ್ಟಿಲು ಕೆಳಗಿಟ್ಟು ಸ್ವಂತ ಅಭಿಪ್ರಾಯವಿದೆಯೆಂದು ತೋರಿಸಿಕೊಂಡಿದ್ದೆ. ಇನ್ನೆರಡು ಚಿತ್ರಗಳ ಮೇಲೆ ನನಗೆ ಗೌರವವಿತ್ತು, ಪ್ರೀತಿ ಇರಲಿಲ್ಲ. ನಾಲ್ಕನೆಯದನ್ನು ಸೇರಿಸಿದ್ದು ಪಟ್ಟಿಯಲ್ಲಿ ಇನ್ನೊಂದು ಖಂಡದ ಹೆಸರು ಕಾಣಲಿ ಎಂದು.

ಇಂಥ ಸುಳ್ಳನ್ನು ಯಾರೂ ಹಿಡಿಯುವುದಿಲ್ಲ. ಸಿಕ್ಕಿಬೀಳುವುದು ‘ಯಾಕೆ ಇಷ್ಟ?’ ಎಂದು ಯಾರಾದರೂ ಕೇಳಿದಾಗ. ನನ್ನನ್ನು ಕೇಳಿದರು. ನಾನು ಎಲ್ಲೋ ಓದಿದ್ದ ಎರಡು ವಾಕ್ಯಗಳನ್ನು ಒಪ್ಪಿಸಿದೆ. ಕೇಳಿದವರು ತಲೆಯಾಡಿಸಿ ಬೇರೆ ಮಾತಿಗೆ ಹೋದರು. ಆ ತಲೆಯಾಡಿಸುವಿಕೆ ಇವತ್ತಿಗೂ ಚುಚ್ಚುತ್ತದೆ.

ಅಲ್ಲಿಂದೀಚೆಗೆ ಪಟ್ಟಿಯನ್ನು ಹಲವು ಸಲ ಬರೆದಿದ್ದೇನೆ, ಹಲವು ಬಗೆಯಲ್ಲಿ ಬರೆದಿದ್ದೇನೆ. ಪ್ರತಿ ಹಂತದಲ್ಲೂ ಎರಡು ಮೂರು ದಾರಿಗಳು ಎದುರಾಗುತ್ತವೆ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದರ ಫಲ ಈ ಬರಹ.

ಶ್ರೇಷ್ಠವೋ, ಮೆಚ್ಚಿನದೋ?

ಮೊದಲು ಇತ್ಯರ್ಥವಾಗಬೇಕಾದದ್ದು ಇದು. ‘ಸಾರ್ವಕಾಲಿಕ ಶ್ರೇಷ್ಠ’ ಮತ್ತು ‘ನನ್ನ ಸಾರ್ವಕಾಲಿಕ ಮೆಚ್ಚಿನದು’ ಎಂಬ ಎರಡು ಮಾತನ್ನು ನಾವು ಅದಲುಬದಲು ಮಾಡಿ ಬಳಸುತ್ತೇವೆ. ಶ್ರೇಷ್ಠತೆ ವಾದಕ್ಕೆ ಒಳಪಟ್ಟದ್ದು. ಅದಕ್ಕೆ ಸಾಕ್ಷಿ ಬೇಕು, ಹೋಲಿಕೆ ಬೇಕು, ಇತಿಹಾಸ ಗೊತ್ತಿರಬೇಕು. ಮೆಚ್ಚಿಗೆಗೆ ಅದಾವುದೂ ಬೇಡ, ಆದರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಬಾರದು. ಎರಡರಲ್ಲಿ ಕಷ್ಟದ್ದು ಎರಡನೆಯದೇ.

ಶ್ರೇಷ್ಠತೆಯನ್ನೇ ನೆಚ್ಚಿಕೊಳ್ಳುವುದಾದರೆ ಅದು ನಿಂತ ನೆಲವೂ ಗಟ್ಟಿಯಲ್ಲ. ಸೈಟ್ ಅಂಡ್ ಸೌಂಡ್ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳುತ್ತ ಬಂದಿದೆ. ಮೊದಲ ಸಲ ಗೆದ್ದದ್ದು ವಿತ್ತೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’. ಆಗ ಆ ಚಿತ್ರಕ್ಕೆ ನಾಲ್ಕೇ ವರ್ಷ ವಯಸ್ಸು. ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಆ ವರ್ಷದ ಮೊದಲ ಹತ್ತರಲ್ಲಿ ಇರಲೇ ಇಲ್ಲ. ಮುಂದೆ 1962ರಿಂದ 2002ರವರೆಗೆ ಸತತ ಐದು ಸಲ ಅದೇ ಮೊದಲು. 2012ರಲ್ಲಿ ಹಿಚ್‌ಕಾಕ್ ಅವರ ‘ವರ್ಟಿಗೊ’ (1958) ಅದನ್ನು ಕೆಳಗಿಳಿಸಿತು. 2022ರಲ್ಲಿ ಶಾಂತಾಲ್ ಅಕರ್ಮಾನ್ ಅವರ 1975ರ ‘ಜಾನ್ ದಿಯೆಲ್ಮಾನ್’ ವರ್ಟಿಗೊವನ್ನು ಕೆಳಗಿಳಿಸಿತು. ಒಬ್ಬ ವಿಧವೆ ಮೂರು ದಿನ ಮನೆಗೆಲಸ ಮಾಡುವುದನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ತೋರಿಸುವ ಈ ಚಿತ್ರ ಹಿಂದಿನ ಸುತ್ತಿನಲ್ಲಿ ಮೊದಲ ಮೂವತ್ತರಲ್ಲೂ ಇರಲಿಲ್ಲ. ಈ ಹತ್ತು ವರ್ಷಗಳಲ್ಲಿ ಯಾವ ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ಮತ ಹಾಕುವವರು: 2012ರಲ್ಲಿ 846 ಮಂದಿ ಇದ್ದವರು 2022ರಲ್ಲಿ 1,600 ದಾಟಿದ್ದರು.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಇನ್ನೊಂದು ಲೆಕ್ಕ. 2012ರಲ್ಲಿ ವರ್ಟಿಗೊಗೆ ಬಿದ್ದ ಮತಗಳು 191. ಅಂದರೆ ನಾಲ್ವರು ವಿಮರ್ಶಕರಲ್ಲಿ ಒಬ್ಬರೂ ಪೂರ್ತಿಯಾಗಿ ಅದರ ಕಡೆಗಿರಲಿಲ್ಲ. ಜಗತ್ತಿನ ಅತಿ ಶ್ರೇಷ್ಠ ಚಿತ್ರವೆಂದು ಸಾರಲ್ಪಟ್ಟದ್ದನ್ನು ಮುಕ್ಕಾಲಿಗೂ ಹೆಚ್ಚು ಮತದಾರರು ತಮ್ಮ ಹತ್ತರಲ್ಲಿ ಸೇರಿಸಿಯೇ ಇರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲವೆಂದು ನಾಚುವವರು ಈ ಲೆಕ್ಕವನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ಮೂರನೆಯ ಬಗೆ ಜನಪ್ರಿಯತೆಯದು. ನೋಡಿದವರೇ ಚಿತ್ರಗಳಿಗೆ ಅಂಕ ಕೊಡುವ ಜಾಲತಾಣ ಐಎಂಡಿಬಿಯ 250 ಚಿತ್ರಗಳ ಪಟ್ಟಿಯ ತುದಿಯಲ್ಲಿ 2008ರಿಂದ ಕೂತಿರುವುದು ‘ದ ಶಾಶಾಂಕ್ ರಿಡೆಂಪ್ಷನ್’. 1994ರಲ್ಲಿ ಅದು ಬಿಡುಗಡೆಯಾದಾಗ ಚಿತ್ರಮಂದಿರಗಳು ತುಂಬಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನಗಳಲ್ಲಿ ಒಂದೂ ಕೈಗೆ ಬರಲಿಲ್ಲ. ವಿಡಿಯೊ ಕ್ಯಾಸೆಟ್ಟುಗಳಲ್ಲಿ, ದೂರದರ್ಶನದ ಮರುಪ್ರಸಾರಗಳಲ್ಲಿ ಜನ ಅದನ್ನು ನಿಧಾನವಾಗಿ ತಮ್ಮದಾಗಿಸಿಕೊಂಡರು. ಒಳ್ಳೆಯ ಕಥೆಯೇ. ಆದರೆ ಅಂಕಗಳ ಸರಾಸರಿ ಕೇಳುವ ಪ್ರಶ್ನೆ ಬೇರೆ. ಯಾರೂ ತೀರಾ ಬೇಡವೆನ್ನದ ಚಿತ್ರ ಅಲ್ಲಿ ಮೇಲೇರುತ್ತದೆ. ಅರ್ಧ ಜನ ಹುಚ್ಚಾಗಿ ಪ್ರೀತಿಸಿ ಇನ್ನರ್ಧ ಜನ ಎದ್ದು ಹೊರಗೆ ನಡೆದ ಚಿತ್ರ ನಡುವೆಲ್ಲೋ ಉಳಿಯುತ್ತದೆ. ಮೆಚ್ಚಿನ ಚಿತ್ರ ಬಹಳ ಸಲ ಈ ಎರಡನೆಯ ಜಾತಿಯದು.

ನನ್ನ ತೀರ್ಪು: ಚಿತ್ರೋತ್ಸವಕ್ಕೋ ತರಗತಿಗೋ ಚಿತ್ರಗಳನ್ನು ಆರಿಸುವ ಹೊಣೆಯಿದ್ದರೆ ಶ್ರೇಷ್ಠತೆಯ ಪಟ್ಟಿ. ಮುಂದೇನು ನೋಡಲಿ ಎಂಬ ಪ್ರಶ್ನೆಗೆ ಮೂರೂ ಪಟ್ಟಿಗಳು ಉಪಯುಕ್ತ. ನಿಮ್ಮ ಮೆಚ್ಚಿನದು ಯಾವುದು ಎಂದಾಗ ಮೂರನ್ನೂ ಮಡಚಿಡಬೇಕು.

ಒಂದೋ, ಹತ್ತೋ, ನೂರೋ?

ಒಂದೇ ಚಿತ್ರ ಹೇಳಿ ಎಂದರೆ ಮನುಷ್ಯ ತನ್ನ ಪ್ರತಿನಿಧಿಯನ್ನು ಕಳಿಸುತ್ತಾನೆ. ತೊಳೆದು ಬಾಚಿದ, ಎಲ್ಲರೆದುರು ನಿಲ್ಲಿಸಬಹುದಾದ ಚಿತ್ರವನ್ನು. ಹತ್ತು ಎಂದಾಗ ಸ್ವಲ್ಪ ಸಡಿಲ ಸಿಗುತ್ತದೆ. ಏಳನೆಯದೋ ಎಂಟನೆಯದೋ ಬರುವ ಹೊತ್ತಿಗೆ ಜಂಬ ದಣಿದಿರುತ್ತದೆ, ನಿಜ ಹೊರಬರುತ್ತದೆ. ಹತ್ತರಲ್ಲಿ ಹೇಳಿಕೊಳ್ಳಲು ಮುಜುಗರವಾಗುವ ಒಂದಾದರೂ ಇಲ್ಲದಿದ್ದರೆ ಆ ಪಟ್ಟಿಯ ಬಗ್ಗೆ ನನಗೆ ಅನುಮಾನ. ನೂರರ ಪಟ್ಟಿ ದಿನಚರಿಯಂಥದು: ಬರೆದವರಿಗೆ ಖುಷಿ, ಓದುವವರಿಗೆ ಸುಸ್ತು. ಜೊತೆಗೆ, ಹತ್ತು ಚಿತ್ರಗಳನ್ನು ಎರಡೆರಡಾಗಿ ಹೋಲಿಸಿದರೆ 45 ಜೋಡಿಗಳಾಗುತ್ತವೆ, ಒಂದು ಸಂಜೆಯ ಕೆಲಸ. ನೂರಕ್ಕೆ 4,950 ಜೋಡಿಗಳು. ಹತ್ತೇ ಸಾಕು.

ಒಬ್ಬ ನಿರ್ದೇಶಕರದು ಒಂದೇ ಚಿತ್ರ, ಒಂದು ದಶಕಕ್ಕೆ ಎರಡೇ ಚಿತ್ರ ಎಂಬಂಥ ಕಟ್ಟಳೆಗಳನ್ನು ಕೆಲವರು ಹಾಕಿಕೊಳ್ಳುತ್ತಾರೆ. ಪಟ್ಟಿ ಚಂದ ಕಾಣುತ್ತದೆ. ನನ್ನ ನಾಲ್ಕನೆಯ ಸುಳ್ಳು ಹುಟ್ಟಿದ್ದು ಅಂಥದೇ ಕಟ್ಟಳೆಯಿಂದ.

ನೆನಪಿನಿಂದಲೋ, ದಾಖಲೆಯಿಂದಲೋ?

ಈಗ ಹೆಚ್ಚಿನವರು ನೋಡಿದ ಚಿತ್ರಗಳಿಗೆಲ್ಲ ನಕ್ಷತ್ರ ಹಚ್ಚಿಟ್ಟಿರುತ್ತಾರೆ. ಪಟ್ಟಿ ಕೇಳಿದರೆ ಐದು ನಕ್ಷತ್ರದವನ್ನು ಸೋಸಿ ತೆಗೆಯುವುದು ಸುಲಭ. ಆದರೆ ಆ ನಕ್ಷತ್ರ ಬಿದ್ದದ್ದು ಸಾಮಾನ್ಯವಾಗಿ ಚಿತ್ರ ಮುಗಿದ ಅರ್ಧ ಗಂಟೆಯಲ್ಲಿ. ಅನುಭವವೊಂದನ್ನು ಹಿಂದಿರುಗಿ ಅಳೆಯುವಾಗ ಮನಸ್ಸು ಅದರ ಅತಿ ತೀವ್ರ ಗಳಿಗೆಗೂ ಕೊನೆಯ ಗಳಿಗೆಗೂ ಹೆಚ್ಚು ತೂಕ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಒಳ್ಳೆಯ ಕ್ಲೈಮ್ಯಾಕ್ಸು ಸಾಧಾರಣ ಚಿತ್ರವನ್ನು ದಡ ಮುಟ್ಟಿಸುವ ಗುಟ್ಟು ನಿರ್ಮಾಪಕರಿಗೆ ಮೊದಲಿನಿಂದ ಗೊತ್ತೇ ಇತ್ತು.

ಬರಿಯ ನೆನಪಿಗೂ ತನ್ನದೇ ಓರೆ ಇದೆ. ನಲವತ್ತು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನವೇ ಎದ್ದುನಿಲ್ಲುತ್ತವೆ ಎಂಬುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡ ಸಂಗತಿ. ನನ್ನ ಈಗಿನ ಹತ್ತರಲ್ಲಿ ಆರನ್ನು ನಾನು ನೋಡಿದ್ದು ಇಪ್ಪತ್ತೈದರ ಒಳಗೆ. ಆಮೇಲೆ ಒಳ್ಳೆಯ ಚಿತ್ರಗಳು ಬರಲಿಲ್ಲವೆಂದಲ್ಲ. ಆಮೇಲಿನ ನಾನು ಅಷ್ಟು ಹಸಿಯಾಗಿರಲಿಲ್ಲ. ‘ಈಗ ಅಂಥ ಸಿನಿಮಾಗಳು ಎಲ್ಲಿ ಬರುತ್ತವೆ’ ಎಂದು ಹಲುಬುವವರು ಒಮ್ಮೆ ತಮ್ಮ ಹುಟ್ಟಿದ ವರ್ಷಕ್ಕೆ ಇಪ್ಪತ್ತು ಕೂಡಿಸಿ ನೋಡಲಿ.

ಎರಡನ್ನೂ ಬಳಸಬೇಕು, ಆದರೆ ಸರದಿ ಮುಖ್ಯ. ಮೊದಲು ಬರಿ ಹಾಳೆ. ಮೂರು ನಾಲ್ಕು ದಿನ ಅದನ್ನು ಕೈಗೆಟುಕುವಂತೆ ಇಟ್ಟುಕೊಂಡು ನೆನಪಾದ ಹೆಸರುಗಳನ್ನೆಲ್ಲ ಬರೆಯುತ್ತ ಹೋಗಿ. ದಾಖಲೆ ತೆರೆಯುವುದು ಆಮೇಲೆ, ಮರೆತುಹೋದದ್ದನ್ನು ಹಿಡಿಯಲು ಮಾತ್ರ. ಮೊದಲೇ ದಾಖಲೆ ತೆರೆದರೆ ಕಂಡದ್ದೆಲ್ಲ ಪರಿಚಿತ, ಪರಿಚಿತವೆಲ್ಲ ಪ್ರಿಯ ಎನಿಸಿಬಿಡುತ್ತದೆ.

ಹೋದ ತಿಂಗಳು ನೋಡಿದ್ದನ್ನು ಸೇರಿಸಬೇಕೇ? ನಾನು ಎರಡು ವರ್ಷ ಹೊರಗೆ ಕೂರಿಸುತ್ತೇನೆ. ಇದು ಶಾಸ್ತ್ರವಲ್ಲ, ಬರಿಯ ಜಾಗರೂಕತೆ.

ಎಷ್ಟು ಸಲ ನೋಡಿದ್ದೀರಿ?

ಮೆಚ್ಚಿನ ಚಿತ್ರವೆಂದರೆ ಹೆಚ್ಚು ಸಲ ನೋಡಿದ ಚಿತ್ರ ಎಂಬ ಸರಳ ಅಳತೆಗೋಲು ಬಹಳ ಜನರಲ್ಲಿದೆ. ನಾನೂ ಅದನ್ನು ಸ್ವಲ್ಪ ಕಾಲ ನಂಬಿದೆ. ಲೆಕ್ಕ ಹಾಕಿದಾಗ ಮೇಲೆ ಬಂದದ್ದು ಒಂದು ಹಗುರ ಹಾಸ್ಯಚಿತ್ರ. ಜ್ವರ ಬಂದಾಗ, ಕೆಲಸ ಕೆಟ್ಟಾಗ, ತಲೆ ಓಡದಿದ್ದಾಗ ಹಾಕಿಕೊಂಡು ಹನ್ನೊಂದು ಸಲ ನೋಡಿದ್ದೇನೆ. ಅದು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿದೆ. ಚಪ್ಪಲಿಯ ಮೇಲೆ ನನಗೆ ಕೃತಜ್ಞತೆಯಿದೆ.

ಇನ್ನೊಂದು ತುದಿಯಲ್ಲಿ ಇಸಾವೊ ತಕಾಹತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಇದೆ. ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯರ ಈ ಅನಿಮೇಷನ್ ಚಿತ್ರವನ್ನು ನೋಡಿದ್ದು ಒಂದೇ ಸಲ. ಮತ್ತೆ ನೋಡುವ ಧೈರ್ಯ ಬಂದಿಲ್ಲ, ಬರುತ್ತದೆಂಬ ಭರವಸೆಯೂ ಇಲ್ಲ. ಆದರೆ ಖಾಲಿಯಾದ ಮಿಠಾಯಿ ಡಬ್ಬಿಗೆ ಅಣ್ಣ ನೀರು ತುಂಬಿ, ತಳದಲ್ಲಿ ಅಂಟಿದ ಸಿಹಿಯನ್ನು ಕಲಸಿ ತಂಗಿಗೆ ಕುಡಿಸುವ ದೃಶ್ಯ ನನ್ನನ್ನು ಬಿಟ್ಟಿಲ್ಲ. ಯಾವುದೋ ಡಬ್ಬಿ ಅಲುಗಿದ ಸದ್ದಾದರೆ ಸಾಕು, ಕರೆಯದೆ ಬಂದು ನಿಲ್ಲುತ್ತದೆ.

ನಾನು ಕೊನೆಗೆ ಒಪ್ಪಿಕೊಂಡ ಅಳತೆ ಇದೇ: ಕರೆಯದೆ ಬರುವ ದೃಶ್ಯ. ಚಿತ್ರದ ಹೆಸರು ಕಿವಿಗೆ ಬೀಳದಿದ್ದರೂ, ಬೇರೇನೋ ಮಾಡುತ್ತಿರುವಾಗ, ತಾನಾಗಿ ಕಣ್ಣೆದುರು ಬರುವ ಚೌಕಟ್ಟು ಯಾವ ಯಾವ ಚಿತ್ರಗಳದ್ದು? ಬರಿ ಹಾಳೆಯಲ್ಲಿರುವ ಹೆಸರುಗಳ ಮುಂದೆ ಇಂಥ ಒಂದು ದೃಶ್ಯವನ್ನು ಬರೆಯಿರಿ. ಹೆಸರಿದ್ದು ದೃಶ್ಯ ಬಾರದವು ತಾವಾಗಿ ಜಾರಿಹೋಗುತ್ತವೆ. ನನ್ನ ಮೊದಲ ಪಟ್ಟಿಯ ನಾಲ್ಕೂ ಸುಳ್ಳುಗಳು ಈ ಪರೀಕ್ಷೆಯಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ಹನ್ನೊಂದು ಸಲ ನೋಡಿದ ಹಾಸ್ಯಚಿತ್ರವೂ ನಿಲ್ಲಲಿಲ್ಲ. ಅದರ ಮಾತುಗಳೆಲ್ಲ ಬಾಯಿಗೆ ಬರುತ್ತವೆ, ದೃಶ್ಯವೊಂದೂ ಬರುವುದಿಲ್ಲ.

ಇಲ್ಲಿ ಒಂದು ಕವಲು. ಬಾಲ್ಯದಲ್ಲಿ ಮೆಚ್ಚಿದ್ದನ್ನು ಮತ್ತೆ ನೋಡಿ ಪರೀಕ್ಷಿಸಬೇಕೋ, ಹಾಗೇ ಬಿಡಬೇಕೋ? ಮತ್ತೆ ನೋಡಿದರೆ ಕೆಲವು ಕುಸಿಯುತ್ತವೆ, ಆ ನೋವು ಸಣ್ಣದಲ್ಲ. ನಾನು ಅರ್ಧವನ್ನು ಪರೀಕ್ಷಿಸಿದೆ, ಅರ್ಧವನ್ನು ಮುಟ್ಟಲಿಲ್ಲ. ಕುಸಿದವನ್ನು ತೆಗೆದುಹಾಕಿದೆ, ಒಂದನ್ನು ಬಿಟ್ಟು. ಆ ಒಂದು ಚಿತ್ರ ಈಗ ಕೆಟ್ಟದಾಗಿ ಕಂಡರೂ ಅದರ ದೃಶ್ಯ ಬರುವುದನ್ನು ನಿಲ್ಲಿಸಿಲ್ಲ. ಅಳತೆಗೋಲಿಗೆ ನಿಷ್ಠನಾಗಿರಬೇಕಲ್ಲ, ಉಳಿಸಿಕೊಂಡೆ. ಮುಜುಗರದ ಸ್ಥಾನ ಹೇಗೂ ಖಾಲಿಯಿತ್ತು.

ಮತ್ತೆ ನೋಡುವಾಗ ಯಾವ ಆವೃತ್ತಿ ಎಂಬುದನ್ನೂ ಗಮನಿಸಿ. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ 1982ರಲ್ಲಿ ನಾಯಕನ ಹಿನ್ನೆಲೆ ನಿರೂಪಣೆಯೊಂದಿಗೆ ತೆರೆಗೆ ಬಂದಿತ್ತು; 1992ರ ಆವೃತ್ತಿಯಲ್ಲಿ ಆ ದನಿಯೂ ಸುಖಾಂತ್ಯವೂ ಇಲ್ಲ; 2007ರಲ್ಲಿ ಇನ್ನೊಂದು ಬಂತು. ಕಪ್ಪುಬಿಳುಪಿನ ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂತು. ಹೆಸರು ಒಂದೇ ಆದರೂ ಇಬ್ಬರು ನೋಡಿದ್ದು ಒಂದೇ ಚಿತ್ರವಲ್ಲದೆ ಇರಬಹುದು. ಅರ್ಧ ಗಂಟೆ ಜಗಳವಾಡಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ವಾಸಿ.

ಸ್ಥಾನ ಕೊಡಬೇಕೇ?

ಕೊಡದಿರುವುದು ಲೇಸು. ಸೈಟ್ ಅಂಡ್ ಸೌಂಡ್ ಕೂಡ ಮತದಾರರಿಂದ ಹತ್ತು ಹೆಸರನ್ನಷ್ಟೇ ಕೇಳುತ್ತದೆ. ಹತ್ತಕ್ಕೂ ಒಂದೊಂದೇ ಮತ. ಒಂದರಿಂದ ಹತ್ತರವರೆಗೆ ಸಾಲುಗಟ್ಟಿಸಲು ಕೂತರೆ ಬೇಗನೆ ಸುಳಿಗೆ ಸಿಲುಕುತ್ತೇವೆ. ಮೊದಲನೆಯದು ಎರಡನೆಯದಕ್ಕಿಂತ ಮೇಲು, ಎರಡನೆಯದು ಮೂರನೆಯದಕ್ಕಿಂತ ಮೇಲು, ಆದರೆ ಮೂರನೆಯದನ್ನೂ ಮೊದಲನೆಯದನ್ನೂ ಅಕ್ಕಪಕ್ಕ ಇಟ್ಟಾಗ ಮೂರನೆಯದೇ ಮೇಲೆನಿಸುತ್ತದೆ. ಇದು ಮತಿಭ್ರಮಣೆಯಲ್ಲ. ಜೋಡಿ ಬದಲಾದಂತೆ ನಾವು ಹೋಲಿಸುವ ಗುಣವೂ ಬದಲಾಗುತ್ತದೆ: ಒಂದು ಜೋಡಿಯಲ್ಲಿ ನಟನೆ, ಇನ್ನೊಂದರಲ್ಲಿ ಧೈರ್ಯ, ಮತ್ತೊಂದರಲ್ಲಿ ನಗು.

ಕ್ರಮ ಬೇಕೇ ಬೇಕೆಂದರೆ ಪಂದ್ಯಾವಳಿಯ ಹಾಗೆ ನಾಕೌಟ್ ಆಡಿಸಬೇಡಿ. ಎರಡನೆಯ ಸ್ಥಾನಕ್ಕೆ ಅರ್ಹವಾದದ್ದು ಮೊದಲ ಸುತ್ತಿನಲ್ಲೇ ಅಗ್ರಗಣ್ಯನ ಕೈಗೆ ಸಿಕ್ಕು ಮನೆಗೆ ಹೋಗಬಹುದು. ಬದಲಿಗೆ ಎರಡು ಚಿತ್ರಗಳಿಂದ ಶುರುಮಾಡಿ ಒಂದೊಂದನ್ನೇ ಸೇರಿಸುತ್ತ ಹೋಗಿ. ಹೊಸದನ್ನು ಮೊದಲು ಸಾಲಿನ ನಡುವಿನದರ ಜೊತೆ ಹೋಲಿಸಿ. ಮೇಲಾದರೆ ಮೇಲಿನ ಅರ್ಧದ ನಡುವೆ, ಕೆಳಗಾದರೆ ಕೆಳಗಿನ ಅರ್ಧದ ನಡುವೆ. ಹತ್ತು ಚಿತ್ರಗಳ ಸಾಲಿಗೆ ಹನ್ನೊಂದನೆಯದನ್ನು ಕೂರಿಸಲು ಹೀಗೆ ನಾಲ್ಕಕ್ಕಿಂತ ಹೆಚ್ಚು ಹೋಲಿಕೆಗಳು ಬೇಕಾಗುವುದಿಲ್ಲ.

ಹೋಲಿಸುವಾಗ ಏನೆಂದು ಕೇಳಿಕೊಳ್ಳುವುದು? ‘ಇವತ್ತು ರಾತ್ರಿ ಯಾವುದನ್ನು ನೋಡುತ್ತೇನೆ’ ಎಂದರೆ ಚಪ್ಪಲಿಯೇ ಗೆಲ್ಲುತ್ತದೆ. ‘ಒಂದು ನಾಶವಾಗಲಿದೆ, ಯಾವುದನ್ನು ಉಳಿಸುತ್ತೀಯೆ’ ಎಂದರೆ ಲೋಕಕಲ್ಯಾಣದ ಭಾರ ಹೆಗಲೇರಿ ಶ್ರೇಷ್ಠದ ಕಡೆ ವಾಲುತ್ತೇವೆ. ‘ಯಾವುದನ್ನು ಮೊದಲ ಸಲವೆಂಬಂತೆ ಮತ್ತೆ ನೋಡುವ ಆಸೆ’ ಎಂದರೆ ತಿರುವುಗಳನ್ನೇ ನಂಬಿದ ಚಿತ್ರಗಳಿಗೆ ಲಾಭ. ನಾನು ಕೇಳಿಕೊಳ್ಳುವುದು ಇದು: ಇವೆರಡರಲ್ಲಿ ಯಾವುದನ್ನು ನೋಡದಿದ್ದರೆ ನಾನು ಬೇರೆ ಬಗೆಯ ಪ್ರೇಕ್ಷಕನಾಗಿರುತ್ತಿದ್ದೆ? ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ನನ್ನ ಸಾಲಿನಲ್ಲಿ ಮೇಲೆ ಕೂತದ್ದು ಹೀಗೆ. ದೊಡ್ಡವರ ಕ್ರೌರ್ಯವನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ತೋರಿಸುವ ಚಿತ್ರ ಅದು. ಪಾತ್ರಕ್ಕೆ ಅರ್ಥವಾಗದ್ದನ್ನು, ಯಾರೂ ಬಾಯಿಬಿಟ್ಟು ಹೇಳದೆ, ಪ್ರೇಕ್ಷಕನಿಗೆ ಅರ್ಥ ಮಾಡಿಸಬಹುದು ಎಂದು ನನಗೆ ತಿಳಿದದ್ದು ಅಲ್ಲಿ. ಅದಕ್ಕೂ ಮೊದಲು ಸಿನಿಮಾ ಎಂದರೆ ಹೇಳುವುದು ಎಂದುಕೊಂಡಿದ್ದೆ.

ಯಾಕೆ ಎಂದು ಹೇಳುವಾಗ

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲಿದೆ: ಆರಿಸುವುದು ಮುಗಿದ ಮೇಲೆಯೇ ಕಾರಣ ಹುಡುಕಬೇಕು. ಮನಶ್ಶಾಸ್ತ್ರಜ್ಞ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ಕೆಲವು ಪೋಸ್ಟರುಗಳನ್ನು ತೋರಿಸಿ ಒಂದನ್ನು ಮನೆಗೆ ಒಯ್ಯಲು ಹೇಳಿದರು. ಕೆಲವು ಪ್ರಸಿದ್ಧ ಕಲಾವಿದರ ವರ್ಣಚಿತ್ರಗಳು, ಕೆಲವು ತಮಾಷೆಯವು. ಆರಿಸುವ ಮೊದಲು ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಎಂದು ಬರೆಯಲು ಹೇಳಿಸಿಕೊಂಡವರು ತಮಾಷೆಯ ಪೋಸ್ಟರುಗಳ ಕಡೆ ಹೆಚ್ಚು ವಾಲಿದರು. ಕೆಲವು ವಾರಗಳ ನಂತರ ವಿಚಾರಿಸಿದಾಗ, ಕಾರಣ ಬರೆಯದೆ ಆರಿಸಿದವರಿಗಿಂತ ಅವರ ಸಮಾಧಾನ ಕಡಿಮೆಯಿತ್ತು. ತಮಾಷೆಗೆ ಕಾರಣ ಹೇಳುವುದು ಸುಲಭ. ಬಣ್ಣವೊಂದು ಯಾಕೆ ಹಿಡಿಸಿತೆಂದು ಹೇಳಲು ಮಾತು ಸಿಗುವುದಿಲ್ಲ. ಕಾರಣ ಕೇಳಿದ ಕೂಡಲೇ ನಾವು ಇಷ್ಟವಾದದ್ದನ್ನು ಬಿಟ್ಟು, ಕಾರಣ ಸಿಗುವಂಥದನ್ನು ಹಿಡಿಯುತ್ತೇವೆ.

ಸಿನಿಮಾದಲ್ಲಿ ಇದರ ಫಲ ಕಣ್ಣಿಗೆ ಕಟ್ಟುವಂತಿದೆ. ಮೆಚ್ಚಿನ ಚಿತ್ರಗಳ ಪಟ್ಟಿಗಳಲ್ಲಿ ಸಂದೇಶವುಳ್ಳ ಚಿತ್ರಗಳು, ಬಿಗಿಯಾದ ಕಥೆಯ ಚಿತ್ರಗಳು ದಂಡಿಯಾಗಿರುತ್ತವೆ. ಬರಿಯ ಲಯದಿಂದ, ಬೆಳಕಿನಿಂದ, ಒಂದು ಮುಖದಿಂದ ಹಿಡಿದಿಟ್ಟ ಚಿತ್ರಗಳು ಕಡಿಮೆ. ಅವುಗಳನ್ನು ಸಮರ್ಥಿಸಲು ನಾಲಗೆ ತಡವರಿಸುತ್ತದೆ, ಹಾಗಾಗಿ ಬಿಟ್ಟುಬಿಡುತ್ತೇವೆ.

ಆರಿಸಿಯಾಯಿತು, ಈಗ ಹೇಳುವ ದಾರಿಗಳನ್ನು ಹೋಲಿಸೋಣ. ನನ್ನ ಪಟ್ಟಿಯಿಂದ ಸಿಡ್ನಿ ಲುಮೆಟ್ ಅವರ ‘12 ಆಂಗ್ರಿ ಮೆನ್’ (1957) ಅನ್ನು ಎತ್ತಿಕೊಳ್ಳುತ್ತೇನೆ.

ಕಥೆ ಹೇಳುವುದು ಮೊದಲ ದಾರಿ. ಕೊಲೆಯ ಆರೋಪ ಹೊತ್ತ ಹುಡುಗ, ಕೋಣೆಯೊಂದರಲ್ಲಿ ಕೂತು ತೀರ್ಪು ಹೇಳಬೇಕಾದ ಹನ್ನೆರಡು ಮಂದಿ ಜ್ಯೂರಿಗಳು, ಹನ್ನೊಂದು ಮಂದಿ ಅಪರಾಧಿ ಎನ್ನುತ್ತಾರೆ, ಒಬ್ಬ ಒಪ್ಪುವುದಿಲ್ಲ. ಚಿತ್ರ ಏನೆಂದು ಇದರಿಂದ ತಿಳಿಯಿತು. ನನಗೂ ಅದಕ್ಕೂ ಏನು ನಂಟು ಎಂದು ತಿಳಿಯಲಿಲ್ಲ. ಜೊತೆಗೆ ನೋಡದವರ ಸುಖವನ್ನೂ ಕಸಿದಂತಾಯಿತು.

ವಿಶೇಷಣಗಳದು ಎರಡನೆಯದು: ಅದ್ಭುತ, ಮನಮುಟ್ಟುವ, ಕಾಲಾತೀತ. ಇದಕ್ಕೆ ಹೆಚ್ಚು ಸಾಲು ಬೇಡ.

ಸಂದೇಶದ ದಾರಿ: ಪೂರ್ವಗ್ರಹವಿಲ್ಲದೆ ಯೋಚಿಸಬೇಕೆಂದು ಚಿತ್ರ ಹೇಳುತ್ತದೆ. ಹೌದು, ಯಾವ ಸಂಪಾದಕೀಯವೂ ಹೇಳುತ್ತದೆ. ಅದಕ್ಕಾಗಿ ಯಾರೂ 96 ನಿಮಿಷ ಒಂದು ಕೋಣೆಯೊಳಗೆ ಕೂರುವುದಿಲ್ಲ.

ಕೌಶಲದ ದಾರಿ ಇವುಗಳಿಗಿಂತ ಮೇಲು. ಲುಮೆಟ್ ಚಿತ್ರದ ಮೊದಲ ಮೂರನೆಯ ಒಂದು ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟರು, ನಡುವೆ ಕಣ್ಣಿನ ಮಟ್ಟಕ್ಕೆ ತಂದರು, ಕೊನೆಯಲ್ಲಿ ಅದಕ್ಕೂ ಕೆಳಗಿಳಿಸಿದರು. ಆಗ ತಲೆಯ ಮೇಲಿನ ಚಾವಣಿ ಕಾಣತೊಡಗುತ್ತದೆ. ಅದರ ಜೊತೆಗೇ ಲೆನ್ಸುಗಳ ಫೋಕಲ್ ಉದ್ದವನ್ನೂ ಹೆಚ್ಚಿಸುತ್ತ ಹೋದರು; ಹಿಂದಿನ ಗೋಡೆಗಳು ಮುಂದೆ ಸರಿದಂತೆ, ಕೋಣೆ ಕುಗ್ಗಿದಂತೆ ಕಾಣುತ್ತದೆ. ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮೊದಲ ಸಲ ನೋಡುವಾಗ ಲೆನ್ಸಿನ ಸುದ್ದಿ ನನಗೆ ಗೊತ್ತಿರಲಿಲ್ಲ. ಉಸಿರು ಬಿಗಿಯುತ್ತಿತ್ತು, ಅಷ್ಟೇ. ‘ಲೆನ್ಸಿನ ಬಳಕೆಗಾಗಿ ಇಷ್ಟ’ ಎಂದರೆ ಸುಳ್ಳು. ‘ಉಸಿರು ಬಿಗಿಯಿತು, ಯಾಕೆಂದು ಆಮೇಲೆ ಗೊತ್ತಾಯಿತು’ ಎಂದರೆ ಅದು ನಿಜ, ಕೇಳುವವರಿಗೂ ಒಂದು ಕೀಲಿ ಸಿಕ್ಕಂತೆ.

ಸ್ವಂತ ನೆನಪಿನ ದಾರಿಯೂ ಇದೆ: ಯಾರ ಜೊತೆ ನೋಡಿದೆ, ಆಗ ಬದುಕು ಹೇಗಿತ್ತು. ಒಂದೆರಡು ವಾಕ್ಯ ಚೆನ್ನ. ಮೂರನೆಯ ವಾಕ್ಯಕ್ಕೆ ಸಿನಿಮಾ ಹಿಂದಕ್ಕೆ ಸರಿದು ನಾವು ತೆರೆ ತುಂಬಿಕೊಂಡಿರುತ್ತೇವೆ.

ನಾನು ಹಿಡಿಯುವುದು ದೃಶ್ಯದ ದಾರಿ; ಆರಿಸಲು ನೆರವಾದದ್ದೇ ಹೇಳಲೂ ನೆರವಾಗುತ್ತದೆ. ಈ ಚಿತ್ರದಲ್ಲಿ ಹೆಚ್ಚಿನವರಿಗೆ ನೆನಪಿರುವುದು, ಒಪ್ಪದ ಆ ಒಬ್ಬನ ಪಾತ್ರದಲ್ಲಿರುವ ಹೆನ್ರಿ ಫೋಂಡಾ ತಾನೇ ಕೊಂಡುತಂದ ಚಾಕುವನ್ನು ಮೇಜಿಗೆ ಚುಚ್ಚಿ ನಿಲ್ಲಿಸುವ ಗಳಿಗೆ. ನನಗೆ ಕರೆಯದೆ ಬರುವುದು ಅದಲ್ಲ. ಎಲ್ಲ ಮುಗಿದು ಉಳಿದವರೆಲ್ಲ ಹೊರಟಿದ್ದಾರೆ. ಕೊನೆಯವರೆಗೂ ಪಟ್ಟು ಬಿಡದೆ ಕಾದಾಡಿ ಕುಸಿದುಹೋದ ಲೀ ಜೆ. ಕಾಬ್ ಒಬ್ಬನೇ ಕುರ್ಚಿಯಲ್ಲಿ ಕೂತಿದ್ದಾನೆ. ಫೋಂಡಾ ಅವನ ಕೋಟನ್ನು ತಂದು ತೊಡಿಸುತ್ತಾನೆ. ಮಾತಿಲ್ಲ. ಗೆದ್ದವನು ಸೋತವನಿಗೆ ತೋಳು ತೂರಿಸಲು ನೆರವಾಗುತ್ತಾನೆ. ವಾದದಲ್ಲಿ ಗೆದ್ದಾಗಲೆಲ್ಲ ನನಗೆ ಆ ಕೋಟು ನೆನಪಾಗುತ್ತದೆ. ತೊಡಿಸಿದ್ದು ಬಹಳ ಕಡಿಮೆ ಸಲ.

ಇಷ್ಟು ಹೇಳಿದರೆ ನೋಡಿದವರು ‘ಹೌದಲ್ಲ’ ಎನ್ನುತ್ತಾರೆ ಅಥವಾ ತಮ್ಮ ಬೇರೆ ದೃಶ್ಯವನ್ನು ಮುಂದಿಡುತ್ತಾರೆ, ಮಾತು ಬೆಳೆಯುತ್ತದೆ. ನೋಡದವರಿಗಾದರೆ ಮೊದಲ ಇಪ್ಪತ್ತು ನಿಮಿಷಗಳೊಳಗಿನ ದೃಶ್ಯವೊಂದನ್ನು ಆರಿಸಿಕೊಳ್ಳುವುದು ಸೌಜನ್ಯ.

ಜೊತೆಗೆ ಒಂದು ಕುಂದನ್ನೂ ಹೇಳಿ. ನಿಜವಾದ ನ್ಯಾಯಾಲಯದಲ್ಲಿ ಜ್ಯೂರಿಯಾದವನು ತಾನೇ ಬೀದಿಗಿಳಿದು ತನಿಖೆ ಮಾಡಿ ಚಾಕು ಕೊಂಡು ತರುವಂತಿಲ್ಲ; ಫೋಂಡಾನ ಆ ಪ್ರಸಿದ್ಧ ಗಳಿಗೆ ನಿಯಮಭಂಗ. ಚಿತ್ರ ಇದನ್ನು ಎರಡು ಮಾತಿನಲ್ಲಿ ದಾಟಿಸಿಬಿಡುತ್ತದೆ. ಗೊತ್ತಿದ್ದೂ ಇಷ್ಟಪಡುತ್ತೇನೆ. ದೋಷವನ್ನು ಒಪ್ಪಿಕೊಂಡವನ ಮೆಚ್ಚಿಗೆಯನ್ನು ಜನ ಹೆಚ್ಚು ನಂಬುತ್ತಾರೆ, ಮತ್ತು ವಾದಕ್ಕೆ ಬಂದವರ ಮೊದಲ ಬಾಣ ವ್ಯರ್ಥವಾಗುತ್ತದೆ.

ತಿದ್ದುವುದೋ, ಹೊಸದಾಗಿ ಬರೆಯುವುದೋ?

ಹಳೆಯ ಪಟ್ಟಿಯಲ್ಲೇ ಒಂದನ್ನು ಹೊಡೆದು ಇನ್ನೊಂದನ್ನು ಬರೆದರೆ ಕೈಯಲ್ಲಿ ಯಾವಾಗಲೂ ಒಂದೇ ಪಟ್ಟಿ ಇರುತ್ತದೆ. ನಾನು ಅದಕ್ಕಿಂತ, ದಿನಾಂಕ ಹಾಕಿ ಹೊಸ ಹಾಳೆಯಲ್ಲಿ ಬರೆದು, ಹಳೆಯದನ್ನು ನೋಡದೆ ಮುಗಿಸಿ, ಆಮೇಲೆ ಎರಡನ್ನೂ ಜೊತೆಗಿಡುತ್ತೇನೆ. ಎರಡರಲ್ಲೂ ಇರುವವು ಯಾವುವು, ಸದ್ದಿಲ್ಲದೆ ಹೊರಟುಹೋದವು ಯಾವುವು ಎಂದು ನೋಡುವುದೇ ಒಂದು ಮನರಂಜನೆ.

ಕಳೆದ ಸಲ ಹಾಗೆ ಜೊತೆಗಿಟ್ಟಾಗ ಮೊದಲ ಪಟ್ಟಿಯ ಒಂದು ಹೆಸರು ಹೊಸದರಲ್ಲೂ ಇತ್ತು: ‘ಟೋಕಿಯೊ ಸ್ಟೋರಿ’. ಈ ನಡುವೆ ಅದನ್ನು ಪೂರ್ತಿ ಎಚ್ಚರವಿದ್ದು ನೋಡಿದ್ದೆ. ಮಕ್ಕಳನ್ನು ನೋಡಲೆಂದು ಟೋಕಿಯೊಗೆ ಬಂದ ವಯಸ್ಸಾದ ದಂಪತಿಯನ್ನು, ಬಿಡುವಿಲ್ಲದ ಮಕ್ಕಳು ಅಟಾಮಿ ಎಂಬ ಕಡಲತೀರದ ಊರಿಗೆ ಸಾಗಹಾಕುತ್ತಾರೆ. ಅಲ್ಲಿಯ ರಾತ್ರಿಯ ಗದ್ದಲದಲ್ಲಿ ಅವರಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಇಬ್ಬರೂ ಕಡಲಿಗೆ ಮುಖಮಾಡಿ ಗೋಡೆಯ ಮೇಲೆ ಕೂತಿರುತ್ತಾರೆ, ಊರಿಗೆ ಮರಳುವ ಮಾತಾಡುತ್ತಾರೆ. ಗಂಡ ಎದ್ದು ನಿಲ್ಲುತ್ತಾನೆ. ಆಕೆ ಏಳಹೋಗಿ, ತಲೆ ಸುತ್ತಿ, ಅಲ್ಲೇ ಕುಸಿದು ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು, ಏನೂ ಆಗಿಲ್ಲವೆಂಬಂತೆ ಅವನ ಹಿಂದೆ ನಡೆಯುತ್ತಾಳೆ. ಮೊದಲ ಸಲ ನೋಡಿದಾಗ ಈ ಹೊತ್ತಿಗೆ ನನಗೆ ಚೆನ್ನಾಗಿ ನಿದ್ದೆ ಹತ್ತಿತ್ತು.